ಹಸಿವಾದ ಕಡೆ ಇಳಿಯುವುದು

ನೀರು ಸರಬರಾಜು ಕಚೇರಿಯ ದೂರು ಗುಮಾಸ್ತನಿಗೂ ಅವನ ಹೆಂಡತಿಗೂ ಭಾನುವಾರಕ್ಕೆಂದೇ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಬೀದಿ ಕೊನೆಯ ಸ್ಟಾಪಿನಲ್ಲಿ ನಿಲ್ಲುವುದು. ಮೊದಲು ಬಂದ ಬಸ್ಸು ಹತ್ತುವುದು. ಬೋರ್ಡು ಓದಕೂಡದು. ಕಿಟಕಿಯ ಪಕ್ಕ ಹೆಂಡತಿ ಕೂರಬೇಕು. ಎಲ್ಲಿ ಅವಳು “ರೀ, ಹಸಿವಾಯ್ತು” ಅನ್ನುತ್ತಾಳೋ ಅಲ್ಲಿ ಇಳಿಯುವುದು. ಇಳಿದು, ಕಣ್ಣಿಗೆ ಬಿದ್ದ ಮೊದಲ ಒಲೆಯ ಹತ್ತಿರ ಹೋಗಿ ಉಣ್ಣುವುದು. ಆಮೇಲೆ ಸಂಜೆಯ ತನಕ ಹೊಲದ ಬದುವಿನ ಮೇಲೋ ಕಾಲುವೆಯ ದಂಡೆಯ ಮೇಲೋ ಅಡ್ಡಾಡಿ, ಕಾಲಿಗೆ ಮೆತ್ತಿದ ಮಣ್ಣಿನ ಸಮೇತ ಮನೆಗೆ ಬರುವುದು.

ಕೇಳಿದವರಿಗೆ ಇದು ಹುಡುಗಾಟ ಅನ್ನಿಸಬಹುದು. ಆದರೆ ಮೂರು ವರ್ಷಗಳಲ್ಲಿ ಈ ಪದ್ಧತಿ ಒಂದು ಸಲವೂ ಕೈಕೊಟ್ಟಿರಲಿಲ್ಲ. ಕೆರೆಯ ತೂಬು ಕಾಯುವವನ ಜಗಲಿಯಲ್ಲಿ ಆಗಷ್ಟೇ ಹಿಡಿದ ಮೀನು ತಿಂದಿದ್ದರು. ಹಿಟ್ಟಿನ ಗಿರಣಿಯೊಂದರ ಹಿಂಬಾಗಿಲಲ್ಲಿ ಬಿಸಿ ಬ್ರೆಡ್ಡು, ಹಸಿ ಈರುಳ್ಳಿ ಕಚ್ಚಿದ್ದರು. ಕಲ್ಲು ಕ್ವಾರಿಯ ಕೆಲಸಗಾರರ ನಡುವೆ ಬೆಂಚಿನ ಮೇಲೆ ಒತ್ತರಿಸಿಕೊಂಡು ಕೂತು ಒಂದು ಸಾರು ಕುಡಿದಿದ್ದರು. ಅದರಲ್ಲಿ ಏನೇನು ಹಾಕಿದೆ ಎಂದು ಹೇಳಲು ಅಡಿಗೆಯವನು ಕೊನೆಗೂ ಒಪ್ಪಲಿಲ್ಲ. ಇಷ್ಟೂ ಹೆಂಡತಿಯ ಹೊಟ್ಟೆಯ ಸಾಧನೆ. ಗುಮಾಸ್ತನ ಹೊಟ್ಟೆಗೆ ಆ ವಿದ್ಯೆ ಇರಲಿಲ್ಲ. ಅವನು ತಾನಾಗಿ ಆರಿಸಿದ ಹೋಟೆಲುಗಳು ಒಟ್ಟು ಮೂರು. ಆ ಮೂರರ ವಿಷಯ ಅವರ ಮನೆಯಲ್ಲಿ ಎತ್ತುವ ಹಾಗಿಲ್ಲ.

ವಾರದ ಉಳಿದ ಆರು ದಿನ ಅವಳು ಕನ್ನಡಕದ ಅಂಗಡಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿಕೊಂಡ ಜನರಿಗೆ “ಕೆಳಗಿನ ಸಾಲು ಓದಿ” ಅನ್ನುತ್ತಿದ್ದಳು. ಅವನು ಕಚೇರಿಯಲ್ಲಿ ಕೂತು, ನೀರು ಬಂದಿಲ್ಲ, ನೀರು ನಿಲ್ಲುತ್ತಿಲ್ಲ, ನೀರಿನ ಬಣ್ಣ ಸರಿಯಿಲ್ಲ ಎಂಬ ದೂರುಗಳನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಹಾಗಾಗಿ ಇಬ್ಬರಿಗೂ ಭಾನುವಾರವೆಂದರೆ ಭಾನುವಾರವೇ.

ಅಂಥ ಭಾನುವಾರದ ಮೇಲೆ ಒಂದು ಗುರುವಾರ ಮಧ್ಯಾಹ್ನ ಸರ್ಕಾರದ ಕಣ್ಣು ಬಿತ್ತು.

ಭಾನುವಾರ ದೂರು ಹೇಳಲು ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ ಎಂದು ಯಾರೋ ಮೇಲಿನವರಿಗೆ ಬರೆದಿದ್ದರು. ಇನ್ನು ಮುಂದೆ ಒಬ್ಬ ಸಿಬ್ಬಂದಿ ಒಂದು ವರ್ಷದ ಅವಧಿಗೆ ಪ್ರತಿ ಭಾನುವಾರ ಬೆಳಿಗ್ಗೆಯಿಂದ ಸಂಜೆಯ ತನಕ ಫೋನಿನ ಮುಂದೆ ಕೂರಬೇಕು ಎಂದು ಆಜ್ಞೆ ಬಂದಿತ್ತು. ಸಾಹೇಬರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದು ಅದನ್ನು ಓದಿದರು. ಓದು ಮುಗಿಯುವ ಮೊದಲೇ ಹಿರಿಯ ಗುಮಾಸ್ತ ಎದ್ದು ನಿಂತ. ಕಚೇರಿ ಇವನಿಗೆ ‘ಸುತ್ತೋಲೆ’ ಎಂದು ಹೆಸರಿಟ್ಟಿತ್ತು. ಬಂದ ಸುತ್ತೋಲೆಗಳೆಲ್ಲ ಅವನಿಗೆ ಬಾಯಿಪಾಠ. ಸೀನು ಬಂದರೂ ಯಾವ ಸುತ್ತೋಲೆಯ ಪ್ರಕಾರ ಸೀನಬೇಕೆಂದು ಯೋಚಿಸಿ ಸೀನುವವನು.

“ಸಾರ್, ದೂರು ಗುಮಾಸ್ತರೇ ಸರಿ. ದೂರು ಅವರದೇ ವಿಭಾಗ. ಮನೇಲಿ ಮಕ್ಕಳಿಲ್ಲ. ಧ್ವನಿ ಬೇರೆ ಮೆತ್ತಗಿದೆ, ಬೈಸಿಕೊಳ್ಳೋಕೆ ಹೇಳಿಮಾಡಿಸಿದ ಹಾಗಿದೆ.”

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. “ಏನ್ರೀ, ಭಾನುವಾರ ನಿಮಗೇನಾದ್ರೂ ಕೆಲಸ ಇರುತ್ತಾ?”

ಹೆಂಡತಿಯ ಜೊತೆ ತಿರುಗಾಡಲು ಹೋಗುತ್ತೇನೆ ಸಾರ್ ಎಂದು ಅವನು ಹೇಳಿಬಿಡಬಹುದಿತ್ತು. ಆದರೆ ಇಪ್ಪತ್ತು ಸಹೋದ್ಯೋಗಿಗಳ ಎದುರು ಅಂಥ ಮಾತಾಡುವ ಎದೆಗಾರಿಕೆ ಲೋಕದಲ್ಲಿ ಕೆಲವರಿಗೇ ಇರುವುದು, ಅವರಲ್ಲಿ ನಮ್ಮ ಗುಮಾಸ್ತ ಸೇರಿರಲಿಲ್ಲ.

“ಅಧ್ಯಯನ ಇರುತ್ತೆ ಸಾರ್,” ಅಂದ.

“ಯಾವುದರ ಅಧ್ಯಯನ?”

“ಊಟದ್ದು ಸಾರ್. ಹಳ್ಳಿಗಾಡಿನ ಊಟ. ಮೂರು ವರ್ಷದಿಂದ ನಡೀತಿದೆ. ಅದಕ್ಕೊಂದು ಪದ್ಧತಿ ಇದೆ.”

ಸಾಹೇಬರು ಪೆನ್ನಿನ ಕ್ಯಾಪು ಹಾಕಿದರು. ಇಲ್ಲಿ ಸಾಹೇಬರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಬೆಳಿಗ್ಗೆ ಹನ್ನೊಂದಕ್ಕೇ ಮಧ್ಯಾಹ್ನದ ಊಟದ ಚರ್ಚೆ ಶುರುಮಾಡುತ್ತಿದ್ದರು. ಪಟ್ಟಣದ ಹೋಟೆಲುಗಳೆಲ್ಲವನ್ನೂ ಪರೀಕ್ಷಿಸಿ, ಎಲ್ಲದರ ಮೇಲೂ ಮುನಿಸಿಕೊಂಡು, ಈಗ ಆಹಾರದ ವಿಷಯದಲ್ಲಿ ಒಂಟಿಯಾಗಿಬಿಟ್ಟಿದ್ದರು.

“ಪದ್ಧತಿ ಅಂದ್ರೆ?”

“ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ ಸಾರ್.”

ಈ ಒಂದು ವಾಕ್ಯವನ್ನು ಅವನು ನುಂಗಿಕೊಂಡಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

“ಹಾಗಾದ್ರೆ ತೋರಿಸಿ,” ಅಂದರು ಸಾಹೇಬರು. “ಈ ಭಾನುವಾರ ನಾನೂ ನನ್ನ ಹೆಂಡತೀನೂ ಬರ್ತೀವಿ. ಊಟ ನನ್ನ ನಾಲಿಗೆಗೆ ಒಪ್ಪಿಗೆಯಾದ್ರೆ ಭಾನುವಾರ ನಿಮ್ಮದು, ನಾನು ಅದರ ತಂಟೆಗೆ ಬರಲ್ಲ. ಒಪ್ಪಿಗೆಯಾಗ್ಲಿಲ್ಲ ಅಂದ್ರೆ ವರ್ಷಪೂರ್ತಿ ಫೋನು.”

“ಸಾಕ್ಷಿಗೆ ನಾನು ಬರ್ತೀನಿ ಸಾರ್,” ಅಂದ ಸುತ್ತೋಲೆ.

ಮನೆಯಲ್ಲಿ ಹೆಂಡತಿ ಇದನ್ನೆಲ್ಲ ಕೇಳಿ, ಕನ್ನಡಕ ಕೂರದ ಮೂಗನ್ನು ನೋಡುವ ಹಾಗೆ ಗಂಡನನ್ನು ನೋಡಿದಳು.

“ಅಂದ್ರೆ ಐವತ್ತೆರಡು ಭಾನುವಾರ ನನ್ನ ಹೊಟ್ಟೆ ಮೇಲೆ ಪಣ ಕಟ್ಟಿ ಬಂದಿದ್ದೀರಿ.”

“ನಿನ್ನ ಹೊಟ್ಟೆ ಮೇಲೆ ನನಗೆ ನಂಬಿಕೆ ಇದೆ.”

“ಅದು ಹೇಳಿದ ಮಾತು ಕೇಳೋ ಜಾತಿದಲ್ಲ ಕಣ್ರೀ. ಯಾರಾದ್ರೂ ಎದುರಿಗೆ ಕಾಯ್ತಾ ಕೂತ್ರೆ ಹಸಿವು ಬರುತ್ತಾ? ಸಾಹೇಬರು ನನ್ನ ಬಾಯನ್ನೇ ನೋಡ್ತಾ ಕೂತಿರ್ತಾರೆ.”

ಗುಮಾಸ್ತ ಎರಡು ದಿನ ಯೋಚಿಸಿ ಒಂದು ಉಪಾಯ ಕಂಡುಕೊಂಡ. ಬೇರೆ ಯಾವ ಗಂಡನಿಗೂ ಹೊಳೆಯದ, ಹೊಳೆಯಬಾರದ ಉಪಾಯ. ಭಾನುವಾರ ಬೆಳಿಗ್ಗೆ ಅವನು ಅಡಿಗೆಮನೆಯ ಕಪಾಟಿಗೆ ಬೀಗ ಹಾಕಿ ಬೀಗದಕೈಯನ್ನು ಜೇಬಿಗೆ ಇಳಿಸಿದ.

“ತಿಂಡಿ?” ಅಂದಳು ಹೆಂಡತಿ.

“ಇವತ್ತೊಂದು ದಿನ ಬೇಡ. ಹೊಟ್ಟೆ ಖಾಲಿ ಇದ್ರೆ ಹಸಿವು ಬೇಗ ಬರುತ್ತೆ. ಹನ್ನೊಂದು ಗಂಟೆಗೆಲ್ಲ ಕೆಲಸ ಮುಗೀಲಿ.”

ಇಷ್ಟು ಹೇಳಿ ಅವನು ಶೂಗೆ ಪಾಲಿಷ್ ಹಾಕಲು ಕೂತ. ಹೆಂಡತಿ ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಅಲ್ಲಿ ಮೇಲಿನ ಮನೆಯ ನಿವೃತ್ತ ನರ್ಸಮ್ಮ ಬಟ್ಟೆ ಹರವುತ್ತಿದ್ದಳು.

“ತಿಂಡಿ ಆಯ್ತೇನಮ್ಮ?”

“ಇಲ್ಲಮ್ಮ. ಇವರು ಬೇಡ ಅಂದ್ರು. ಕಪಾಟಿಗೆ ಬೀಗ ಹಾಕಿದ್ದಾರೆ.”

ನರ್ಸಮ್ಮನ ಕೈಯಿಂದ ಕ್ಲಿಪ್ಪು ಕೆಳಗೆ ಬಿತ್ತು. ಮೂವತ್ತೈದು ವರ್ಷ ವಾರ್ಡುಗಳಲ್ಲಿ ಕೆಲಸ ಮಾಡಿದ್ದ ಆಕೆಗೆ, ಮೆತ್ತಗೆ ಮಾತಾಡುವ ಗಂಡಂದಿರ ಮೇಲೆ ಮೊದಲಿನಿಂದಲೂ ಒಂದು ಕಣ್ಣಿತ್ತು. “ಎಷ್ಟು ದಿನದಿಂದ ನಡೀತಿದೆ ಇದು?” ಎಂದು ಪಿಸುಗುಟ್ಟಿದಳು. ಹೆಂಡತಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳ ರಟ್ಟೆ ಹಿಡಿದು ತನ್ನ ಮನೆಯೊಳಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಚಿಲಕ ಜಡಿದು, ಬಾಣಲೆಯನ್ನು ಒಲೆಗಿಟ್ಟಳು.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಹೆಂಡತಿ ಕೆಳಗಿಳಿದು ಬಂದಳು. ಒಂದೊಂದೇ ಮೆಟ್ಟಿಲು ಇಳಿಯುತ್ತ, ಗೋಡೆ ಹಿಡಿದುಕೊಂಡು. ಹಸಿವಿನಿಂದ ನಿತ್ರಾಣವಾಗಿದೆ ಎಂದು ಗುಮಾಸ್ತನಿಗೆ ಬಹಳ ಸಂತೋಷವಾಯಿತು. ನರ್ಸಮ್ಮ ಕಿಟಕಿಯಿಂದ ಅವನನ್ನು ದಿಟ್ಟಿಸಿ ನೋಡಿದಳು. ಅವನು ನಮಸ್ಕಾರ ಮಾಡಿದ. ಅವಳು ಪರದೆ ಎಳೆದಳು.

ಸ್ಟಾಪಿನಲ್ಲಿ ಸಾಹೇಬರು ಹೊಸ ಟೋಪಿ ಹಾಕಿಕೊಂಡು ನಿಂತಿದ್ದರು. ತಿಂಡಿ ತಿಂದಿಲ್ಲ, ನಾಲಿಗೆ ಶುದ್ಧವಾಗಿರಲಿ ಎಂದು ಬರೀ ನೀರು ಕುಡಿದು ಬಂದಿದ್ದೇನೆ ಎಂದು ತಿಳಿಸಿದರು. ಪಕ್ಕದಲ್ಲಿ ಅವರ ಹೆಂಡತಿ, ಸಣ್ಣ ಮೈಯ, ಮಾತೇ ಆಡದ ಹೆಂಗಸು, ಕೈಚೀಲ ಅಪ್ಪಿಕೊಂಡು ನಿಂತಿದ್ದರು. ಸುತ್ತೋಲೆಯ ಹೆಗಲಲ್ಲಿ ಒಂದು ಭಾರದ ಬ್ಯಾಗಿತ್ತು. ಕಡತಗಳಿರಬೇಕು ಎಂದುಕೊಂಡು ಯಾರೂ ಕೇಳಲಿಲ್ಲ.

ಮೊದಲು ಬಂದ ಬಸ್ಸಿಗೆ ಎಲ್ಲರೂ ಹತ್ತಿದರು. “ಎಲ್ಲಿಗೆ?” ಅಂದಳು ಕಂಡಕ್ಟರ್ ಹೆಂಗಸು.

“ಕೊನೇ ಸ್ಟಾಪಿಗೆ ಐದು ಕೊಡಿ,” ಅಂದ ಗುಮಾಸ್ತ. ಎಲ್ಲಿ ಇಳಿಯುತ್ತೇವೆಂದು ಗೊತ್ತಿಲ್ಲದವರು ಕೊನೆಯ ತನಕ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ.

“ಕೊನೇ ಸ್ಟಾಪಿಗೆ ಐದಾ?” ಎಂದು ಅವಳು ಐವರನ್ನೂ ಮೇಲಿನಿಂದ ಕೆಳಗೆ ನೋಡಿದಳು. “ಅಲ್ಲಿ ಏನಿದೆ ಅಂತ?”

“ಅದೇ ಅಧ್ಯಯನ,” ಅಂದರು ಸಾಹೇಬರು ಹೆಮ್ಮೆಯಿಂದ.

ಸುತ್ತೋಲೆ ಎಲ್ಲರನ್ನೂ ಒಟ್ಟಿಗೆ ಗಮನಿಸಲು ಅನುಕೂಲವೆಂದು ಹಿಂದಿನ ಸೀಟಿಗೆ ಹೋಗಿ ಕೂತ. ಬಸ್ಸು ಪಟ್ಟಣ ದಾಟಿತು. ಹತ್ತು ಗಂಟೆಗೆ ಗುಮಾಸ್ತ ಹೆಂಡತಿಯ ಕಡೆ ನೋಡಿದ. ಅವಳು ತಲೆ ಆಡಿಸಿದಳು, ಇಲ್ಲವೆಂದು. ಹತ್ತೂವರೆಗೆ ನೋಡಿದ. ಇಲ್ಲ. ಹನ್ನೊಂದಕ್ಕೆ ಅವನಿಗೆ ಅನುಮಾನ ಬಂತು.

“ನಿಜ ಹೇಳು. ಸ್ವಲ್ಪ ಕೂಡ ಇಲ್ವಾ?”

“ಮೂರು ಮೊಟ್ಟೆ,” ಅಂದಳು ಹೆಂಡತಿ ಕಿಟಕಿಯಾಚೆ ನೋಡುತ್ತ. “ಅರ್ಧ ಬ್ರೆಡ್ಡು. ಹುರಿದ ಆಲೂಗಡ್ಡೆ. ಒಂದು ಲೋಟ ಹಾಲು. ಬೇಡ ಅಂದ್ರೆ ಕೆನ್ನೆ ಸವರಿ ಇನ್ನೊಂದು ಲೋಟ.”

“ಯಾರು ಕೊಟ್ರು?”

“ನರ್ಸಮ್ಮ. ನೀವು ನನ್ನನ್ನ ಉಪವಾಸ ಕೆಡವ್ತೀರಂತೆ. ನಾಳೆ ಮಹಿಳಾ ಸಂಘದವರನ್ನ ಕರ್ಕೊಂಡು ಬರ್ತಾರಂತೆ.”

ಗುಮಾಸ್ತನ ಮುಖ ಕಚೇರಿಯ ಮುದ್ದೆ ಮಾಡಿದ ಕಾಗದದ ಹಾಗೆ ಆಯಿತು. “ಸುಳ್ಳು ಹೇಳಿಬಿಡು. ಹಸಿವಾಯ್ತು ಅಂತ ಎಲ್ಲಾದ್ರೂ ಅಂದುಬಿಡು.”

“ಹೋದ ವರ್ಷ ಮಳೆ ಬರ್ತಿದೆ ಅಂತ ಸುಳ್ಳು ಹಸಿವಿಗೆ ಇಳಿದೆವಲ್ಲ, ಏನಾಯ್ತು?”

ಏನಾಯಿತೆಂದು ಅವನಿಗೆ ನೆನಪಿತ್ತು. ಅವನ ಹೊಟ್ಟೆಗಂತೂ ಮೂರು ದಿನ ನೆನಪಿತ್ತು.

ಅಷ್ಟರಲ್ಲಿ ರಸ್ತೆ ಬದಿಯ ಒಂದು ಹೋಟೆಲು ಕಂಡಿತು. ಹೊರಗೆ ಲಾರಿಗಳು, ಒಳಗೆ ಜನ, ಮೇಲೆ ಹೊಗೆ. ಸಾಹೇಬರು ಅರ್ಧ ಎದ್ದರು. “ಇದಾ?”

ಗುಮಾಸ್ತ ಹೆಂಡತಿಯನ್ನು ನೋಡಿದ. ಅವಳ ತಲೆ ಆಡಿತು. “ಇದಲ್ಲ ಸಾರ್.”

“ಯಾಕೆ?”

“ಪದ್ಧತಿ ಒಪ್ತಾ ಇಲ್ಲ ಸಾರ್.”

ಸಾಹೇಬರು ಗೌರವದಿಂದ ಕೂತರು. “ನೋಡು,” ಎಂದು ತಮ್ಮ ಹೆಂಡತಿಗೆ ಹೇಳಿದರು, “ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತೆ ಅಂತ ನಾನು ಇಷ್ಟು ದಿನ ನಂಬಿದ್ದೆ. ಇವರು ಲಾರಿನೂ ಲೆಕ್ಕಕ್ಕೆ ತಗೊಳ್ಳಲ್ಲ. ಅಷ್ಟು ಕಟ್ಟುನಿಟ್ಟು.” ಅವರ ಹೆಂಡತಿ ಹೂಂ ಅಂದರು.

ಎರಡನೆಯ ಹೋಟೆಲು ಹೋಯಿತು. ಮೂರನೆಯದು ಹೋಯಿತು. ನಾಲ್ಕನೆಯದರ ಮುಂದೆ ಒಬ್ಬ ದೊಡ್ಡ ಕಬ್ಬಿಣದ ಕಾವಲಿಯ ಮೇಲೆ ಏನನ್ನೋ ಮಗುಚುತ್ತಿದ್ದ. ಅದರ ವಾಸನೆ ಬಸ್ಸಿನೊಳಗೆ ಬಂದು, ಒಬ್ಬೊಬ್ಬರನ್ನೇ ಮುಟ್ಟಿ ಮಾತಾಡಿಸಿ, ಹಿಂದಿನ ಕಿಟಕಿಯಿಂದ ಇಳಿದುಹೋಯಿತು.

“ಇದೂ ಅಲ್ವಾ?” ಸಾಹೇಬರ ಧ್ವನಿಯಲ್ಲಿ ಈಗ ಗೌರವ ಸ್ವಲ್ಪ ಕಡಿಮೆ ಇತ್ತು.

“ಇಲ್ಲ ಸಾರ್.”

“ನೀವು ಪ್ರತಿ ಸಲ ನಿಮ್ಮ ಹೆಂಡತಿ ಮುಖ ನೋಡ್ತೀರಲ್ಲ, ಅವರೂ ಅಧ್ಯಯನದಲ್ಲಿ ಇದ್ದಾರಾ?”

“ಅವಳು ಮುಖ್ಯ ಉಪಕರಣ ಸಾರ್,” ಅಂದುಬಿಟ್ಟ ಗುಮಾಸ್ತ. ಮುಖ್ಯ ಉಪಕರಣ ಅವನ ಮೊಣಕೈಗೆ ಜೋರಾಗಿ ಚಿವುಟಿತು.

ಹನ್ನೆರಡೂವರೆಗೆ ಹೋಟೆಲುಗಳು ಮುಗಿದವು. ರಸ್ತೆ ಕಿರಿದಾಯಿತು. ಒಂದು ಗಂಟೆಗೆ ಅಂಗಡಿಗಳೂ ಮುಗಿದು ಬರೀ ಹೊಲಗಳು ಉಳಿದವು. ಕೆಳಗೆ ಹಳ್ಳ ಹರಿಯುತ್ತಿತ್ತು, ಗುಡ್ಡದ ನೆತ್ತಿಯ ಮೇಲೆ ಮೋಡದ ನೆರಳು ನಿಧಾನವಾಗಿ ಜಾರುತ್ತಿತ್ತು. ಪ್ರಕೃತಿಯನ್ನು ಯಾರೂ ನೋಡಲಿಲ್ಲ. ಸಾಹೇಬರು ಮಾತ್ರ ಬೇಲಿಯಾಚೆ ಹುಲ್ಲು ಮೇಯುತ್ತಿದ್ದ ಒಂದು ಹಸುವನ್ನು, ಅದು ಕಣ್ಣಿಗೆ ಮರೆಯಾಗುವ ತನಕ, ಅಸೂಯೆಯಿಂದ ನೋಡಿದರು. ಆಮೇಲೆ ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ಬಿಸ್ಕತ್ತಿನ ಜಾಹೀರಾತನ್ನು ಎರಡು ಸಲ ಓದಿದರು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಸಾರ್,” ಹಿಂದಿನಿಂದ ಸುತ್ತೋಲೆಯ ತುಂಬು ಧ್ವನಿ ಕೇಳಿತು, “ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಆಹಾರವಿಲ್ಲದೆ ಪ್ರಯಾಣ ಮಾಡಿಸಿದ್ರೆ ಅದು ಕರ್ತವ್ಯಲೋಪ ಆಗುತ್ತೆ. ಹಳೇ ಸುತ್ತೋಲೆ ಒಂದಿದೆ.”

“ಸೋಮವಾರ ನನ್ನ ಮೇಜಿನ ಮೇಲಿಡಿ,” ಅಂದರು ಸಾಹೇಬರು. ಅವರೀಗ ಗುಮಾಸ್ತನ ಕಡೆ ನೋಡುತ್ತಿರಲಿಲ್ಲ.

ಗುಮಾಸ್ತ ತನ್ನ ಮುಂದಿನ ಒಂದು ವರ್ಷವನ್ನು ಕಂಡ. ಅದರಲ್ಲಿ ಒಂದು ಕುರ್ಚಿ, ಒಂದು ಫೋನು, ಮುಚ್ಚಿದ ಒಂದು ಕಿಟಕಿ ಇದ್ದವು. ಹೆಂಡತಿ ಒಬ್ಬಳೇ ಸ್ಟಾಪಿನಲ್ಲಿ ನಿಂತಿದ್ದಳು.

“ಇನ್ನೂ ಇಲ್ವಾ?” ಎಂದು ಕೊನೆಯ ಸಲ ಕೇಳಿದ.

“ನೀವು ಕೇಳ್ದಾಗೆಲ್ಲ ಇನ್ನೂ ಹಿಂದಕ್ಕೆ ಹೋಗ್ತಿದೆ ರೀ.”

ಎರಡೂಕಾಲಿಗೆ ಬಸ್ಸು ಒಂದು ಬಯಲಲ್ಲಿ ಸುತ್ತು ಹೊಡೆದು ನಿಂತಿತು. ಎಂಜಿನ್ ಆರಿತು. ಕೊನೆಯ ಸ್ಟಾಪು. ಒಂದು ಮರ, ಒಂದು ಬೋರ್‌ವೆಲ್ಲು, ತಗಡಿನ ಒಂದು ಶೆಡ್ಡು. ಶೆಡ್ಡಿನ ಬಾಗಿಲಿಗೆ ‘ಸಿಬ್ಬಂದಿಗೆ ಮಾತ್ರ’ ಎಂದು ಬರೆದಿತ್ತು. ಊರು ಎಲ್ಲಿದೆ ಎಂದು ಸಾಹೇಬರು ಕೇಳಿದರು. ಗುಡ್ಡದಾಚೆ, ಒಂದು ಗಂಟೆ ನಡೀಬೇಕು ಅಂದಳು ಕಂಡಕ್ಟರು. ಬಸ್ಸು ವಾಪಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ನಾಲ್ಕಕ್ಕೆ ಅಂದಳು. ಸಾಹೇಬರು ಬೇರೇನೂ ಕೇಳದೆ ಹೋಗಿ ಮರಕ್ಕೆ ಒರಗಿ ಕೂತರು. ಅಧಿಕಾರ ಅನ್ನುವುದು ಹೊಟ್ಟೆಯಲ್ಲಿ ಏನಾದರೂ ಇದ್ದಾಗ ಮಾತ್ರ ನೆಟ್ಟಗೆ ನಿಲ್ಲುತ್ತದೆ ಎಂಬುದು ಆ ಮರದ ಬುಡದಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಡ್ರೈವರು, ಗೂಳಿಯಂಥ ಆಸಾಮಿ, ಯಾರ ಕಡೆಗೂ ನೋಡದೆ ಶೆಡ್ಡಿನೊಳಗೆ ಹೋದ. ಸ್ಟೋವಿಗೆ ಗಾಳಿ ಹೊಡೆಯುವ ಸದ್ದು ಬಂತು. ಪಾತ್ರೆಯ ಸದ್ದು. ಆಮೇಲೆ ಒಂದು ರಾಶಿ ಈರುಳ್ಳಿ ಒಟ್ಟಿಗೇ ಬೆಣ್ಣೆಗೆ ಬಿದ್ದ ಸದ್ದು.

ಹೆಂಡತಿ ಬೋರ್‌ವೆಲ್ಲಿನ ಹತ್ತಿರ ಕೈ ತೊಳೆಯುತ್ತಿದ್ದಳು. ಕೈ ಹಾಗೇ ನಿಂತಿತು. ಕತ್ತು ಶೆಡ್ಡಿನ ಕಡೆ ತಿರುಗಿತು.

“ರೀ,” ಅಂದಳು, “ಹಸಿವಾಯ್ತು.”

ಗುಮಾಸ್ತ ಮರದ ಹತ್ತಿರ ಹೋಗಿ ನೆಟ್ಟಗೆ ನಿಂತ. “ಸಾರ್,” ಅಂದ, “ಸ್ಥಳ ಸಿಕ್ಕಿತು.”

ಸಾಹೇಬರು ಎದ್ದರು. ಎಲ್ಲರೂ ಶೆಡ್ಡಿನ ಬಾಗಿಲಿಗೆ ಹೋದರು. ಡ್ರೈವರು ಸೌಟು ಹಿಡಿದು ಅಡ್ಡ ನಿಂತ. “ಇದು ಹೋಟ್ಲಲ್ಲ. ನಾವು ಸಿಬ್ಬಂದಿಯವರು ಮಾಡ್ಕೊಳ್ಳೋ ಅಡಿಗೆ. ಬೋರ್ಡು ಓದಿಲ್ವಾ?”

“ಅವರು ಹೇಳೋದು ನಿಯಮದ ಪ್ರಕಾರ ಸರಿ ಇದೆ ಸಾರ್,” ಅಂದ ಸುತ್ತೋಲೆ. “ಪ್ರಯಾಣಿಕರಿಗೆ ಪ್ರವೇಶವಿಲ್ಲ.”

ಆಗ ಬೆಳಿಗ್ಗೆಯಿಂದ ಹೂಂ ಬಿಟ್ಟು ಬೇರೆ ಮಾತಾಡದಿದ್ದ ಸಾಹೇಬರ ಹೆಂಡತಿ ಡ್ರೈವರನ ತೋಳಿನ ಕೆಳಗೆ ನುಸುಳಿ ಒಳಗೆ ಹೋದರು. ಕೈಚೀಲ ಮೊಳೆಗೆ ತಗುಲಿಹಾಕಿದರು. ಚಾಕು ತೆಗೆದುಕೊಂಡು ಆಲೂಗಡ್ಡೆಯ ಬುಟ್ಟಿಯ ಮುಂದೆ ಕೂತು ಸಿಪ್ಪೆ ತೆಗೆಯತೊಡಗಿದರು. ಸಿಪ್ಪೆ ಒಂದೇ ಉದ್ದದ ರಿಬ್ಬನಿನ ಹಾಗೆ, ತುಂಡಾಗದೆ ಇಳಿಯಿತು. ಡ್ರೈವರು ಒಂದು ನಿಮಿಷ ಆ ಸಿಪ್ಪೆಯನ್ನೇ ನೋಡಿದ.

“ಇವರು ಬಂದ್ರೆ ಪರವಾಗಿಲ್ಲ,” ಅಂದ.

“ಎರಡನೇ ಬಸ್ಸು ದಾರೀಲಿ ಕೆಟ್ಟು ನಿಂತಿದೆ, ಅವರ ಪಾಲು ಹೇಗೂ ಉಳಿಯುತ್ತಲ್ಲ ಅಣ್ಣ,” ಅಂದಳು ಕಂಡಕ್ಟರು. “ಇನ್ನೆರಡು ಹಿಡಿ ಜಾಸ್ತಿ ಹಾಕಿದ್ರಾಯ್ತು. ಆ ಯಜಮಾನರ ಮುಖ ನೋಡು, ಬಾಗಿಲು ಹಾಕಿದ್ರೆ ಬಾಗಿಲನ್ನೇ ತಿನ್ನೋ ಹಾಗಿದ್ದಾರೆ.”

ಒಂದೇ ದೊಡ್ಡ ಕಬ್ಬಿಣದ ಬಾಣಲೆ. ಈರುಳ್ಳಿ ಕೆಂಪಗಾಗಿ, ಆಲೂಗಡ್ಡೆ ಬಿದ್ದು, ಟೊಮೆಟೊ ಬಿದ್ದು, ಹೊರಗೆ ತಾನಾಗಿ ಬೆಳೆದಿದ್ದ ಯಾವುದೋ ಸೊಪ್ಪು ಬಿದ್ದು, ಕೊನೆಗೆ ಹತ್ತು ಮೊಟ್ಟೆ ಒಡೆದು ಬಿದ್ದವು. ಮುಚ್ಚಳದ ಮೇಲೆ ಡ್ರೈವರು ಒಂದು ಸ್ಪ್ಯಾನರು ಇಟ್ಟ, ಹಬೆ ಹೋಗದಿರಲೆಂದು. ಆ ಏಳು ನಿಮಿಷಗಳಲ್ಲಿ ಸಾಹೇಬರು ಮೂರು ಸಲ ಗಡಿಯಾರ ನೋಡಿದರು, ಒಂದು ಸಲ ಕಣ್ಣೊರೆಸಿಕೊಂಡರು. ಈರುಳ್ಳಿ ಎಂದರು.

ತಟ್ಟೆಗಳು ಬಂದವು. ಸಾಹೇಬರು ಮೊದಲ ತುತ್ತು ಬಾಯಿಗಿಟ್ಟರು. ಗುಮಾಸ್ತ ಉಸಿರು ಹಿಡಿದ. ಸಾಹೇಬರು ಎರಡನೆಯ ತುತ್ತು ಇಟ್ಟರು. ಮೂರು, ನಾಲ್ಕು, ಹನ್ನೊಂದು. ತಟ್ಟೆ ಮುಂದೆ ಚಾಚಿದರು. ಮತ್ತೆ ತುಂಬಿತು. ಬಾಣಲೆಯ ತಳದಲ್ಲಿ ಹತ್ತಿಕೊಂಡಿದ್ದ ಕರಕಲನ್ನು ಯಾರಿಗೆ ಕೊಡುವುದೆಂದು ಡ್ರೈವರು ಸೌಟೆತ್ತಿದಾಗ ಇಪ್ಪತ್ತೊಂದು ಜನ ಸಿಬ್ಬಂದಿಯ ಮುಖ್ಯಸ್ಥರು ಮಗುವಿನ ಹಾಗೆ ಕೈ ಎತ್ತಿದರು.

“ನಾನು,” ಅಂದರು ಕೊನೆಗೆ, ಬಾಯೊರೆಸಿಕೊಳ್ಳುತ್ತ, “ಐವತ್ತು ವರ್ಷದಿಂದ ಊಟ ಮಾಡ್ತಾ ಇದ್ದೀನಿ ಅಂದ್ಕೊಂಡಿದ್ದೆ. ಇವತ್ತೇ ಶುರು.”

ಗುಮಾಸ್ತ ಉಸಿರು ಬಿಟ್ಟ. ಸ್ವಲ್ಪ ಬೇಗ ಬಿಟ್ಟ.

“ಇಂಥ ಪದ್ಧತೀನ ನೀವಿಬ್ಬರೇ ಇಟ್ಕೊಂಡು ಕೂತ್ರೆ ಹೇಗೆ?” ಸಾಹೇಬರಿಗೆ ಹುಮ್ಮಸ್ಸು ಬಂದಿತ್ತು. “ಇನ್ಮೇಲೆ ಪ್ರತಿ ಭಾನುವಾರ ಕಚೇರಿಯವರೆಲ್ಲ ಬರೋಣ. ಒಂದು ಬಸ್ಸೇ ಮಾಡೋಣ. ನೀವೇ ಸಂಚಾಲಕರು. ನಿಮ್ಮವರು ಮುಂದಿನ ಸೀಟು. ಬೆಳಿಗ್ಗೆ ಎಂಟಕ್ಕೆ ಹಾಜರಿ.”

ಸೋತರೆ ಫೋನು, ಗೆದ್ದರೆ ಬಸ್ಸು. ಭಾನುವಾರ ಎರಡು ಕಡೆಯಿಂದಲೂ ಹೋಗಬಹುದೆಂದು ಗುಮಾಸ್ತ ಎಣಿಸಿರಲಿಲ್ಲ. ಆಗ ಹೆಂಡತಿ ತಟ್ಟೆ ಕೆಳಗಿಟ್ಟಳು.

“ಸಾರ್, ಒಂದು ಮಾತು. ಅಧ್ಯಯನ ಗಿಧ್ಯಯನ ಏನೂ ಇಲ್ಲ. ನನಗೆ ಎಲ್ಲಿ ಹಸಿವಾಗುತ್ತೋ ಅಲ್ಲಿ ಇವರು ಇಳೀತಾರೆ. ಅಷ್ಟೇ. ಇವತ್ತು ಮೇಲಿನ ಮನೇಲಿ ತಿಂದು ಬಂದಿದ್ದೆ, ಅದಕ್ಕೆ ಇಷ್ಟು ದೂರ ಬಂತು. ಜನ ಇದ್ರೆ ನನಗೆ ಹಸಿವಾಗಲ್ಲ ಸಾರ್. ಇವರೊಬ್ಬರು ಪಕ್ಕದಲ್ಲಿದ್ರೆ ಆಗುತ್ತೆ.”

ಸುತ್ತೋಲೆ ಎದ್ದ. ಇಂಥ ಘಳಿಗೆಗಾಗಿಯೇ ಹುಟ್ಟಿದವನ ಹಾಗೆ ಎದ್ದ.

“ಸಾರ್, ಇದು ಮೇಲಧಿಕಾರಿಗೆ ತಪ್ಪು ಮಾಹಿತಿ. ಅಧ್ಯಯನ ಅಂತ ಹೇಳಿ ಹೆಂಡತಿ ಜೊತೆ ತಿರುಗಾಟ. ಫೋನಿನ ಡ್ಯೂಟಿ ಇವತ್ತೇ ಆದೇಶ ಮಾಡಬಹುದು. ಊಟನೂ ಅಂಥದ್ದೇನಿಲ್ಲ. ಸಾಧಾರಣ. ಉಪ್ಪು ಒಂದು ಚೂರು ಮುಂದೆ.”

“ಸಾಧಾರಣ?” ಅಂದರು ಸಾಹೇಬರು.

“ಉಪ್ಪು?” ಅಂದ ಡ್ರೈವರು.

“ಅವರಿಗೆ ಹಾಗೇ ಅನ್ಸುತ್ತೆ ಬಿಡಿ,” ಅಂದಳು ಕಂಡಕ್ಟರು, ತನ್ನ ತಟ್ಟೆಯನ್ನು ಬೆರಳಲ್ಲಿ ಸವರುತ್ತ. “ಹನ್ನೊಂದು ಗಂಟೆಗೇ ಹಿಂದಿನ ಸೀಟಲ್ಲಿ ಮೂರಂತಸ್ತಿನ ಡಬ್ಬಿ ಬಿಚ್ಚಿ ತಿಂದ್ರಲ್ಲ. ನಾನು ಅತ್ಲಾಗೆ ಬಂದಾಗ ಬ್ಯಾಗಿಂದ ಮುಚ್ಕೊಂಡ್ರು. ಒಂದೂವರೆಗೆ ಕೊನೇ ಅಂತಸ್ತು.”

ಸಾಹೇಬರ ಕಣ್ಣಿನ ಮುಂದೆ ಬಿಸ್ಕತ್ತಿನ ಜಾಹೀರಾತು, ಹಸು, ಮರ ಎಲ್ಲವೂ ಒಂದೊಂದಾಗಿ ಹಾದುಹೋಗುತ್ತಿರುವುದು ಉಳಿದವರಿಗೂ ತಿಳಿಯಿತು.

“ನಾನು ಹುಲ್ಲು ನೋಡ್ತಾ ಕೂತಿದ್ದೆ,” ಅಂದರು ನಿಧಾನವಾಗಿ. “ಆರು ಅಡಿ ಹಿಂದೆ ನಿಮ್ಮ ಹತ್ರ ಡಬ್ಬಿ ಇತ್ತು.”

“ಹಂಚಿಕೊಳ್ಳಬೇಕು ಅಂತ ಯಾವ ಸುತ್ತೋಲೆಯಲ್ಲೂ ಇಲ್ಲ ಸಾರ್.”

“ಇಲ್ಲ. ಇನ್ಮೇಲೆ ಬರುತ್ತೆ. ಅದಕ್ಕೆ ಮುಂಚೆ ಇನ್ನೊಂದು ಬರುತ್ತೆ, ಫೋನಿನದು, ನಿಮ್ಮ ಹೆಸರಿಗೆ. ಡಬ್ಬಿ ತಗೊಂಡು ಹೋಗಿ, ಯಾರಿಗೂ ಹಂಚಬೇಡಿ.”

ಆಮೇಲೆ ಅವರು ಗುಮಾಸ್ತನ ಕಡೆ ತಿರುಗಿದರು. “ನಿಮ್ಮದೂ ತಪ್ಪೇ. ಸುಳ್ಳು ಹೇಳಿದ್ದೀರಿ. ಹೆಂಡತಿ ಜೊತೆ ತಿರುಗಾಡ್ತೀನಿ ಅಂತ ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನೀವು ಬಿಡ್ತಿದ್ರಾ ಸಾರ್?”

ಸಾಹೇಬರು ಪ್ರಾಮಾಣಿಕವಾಗಿ ಯೋಚಿಸಿದರು. ಯೋಚನೆ ಮುಗಿಯುವ ಮೊದಲೇ ಮೂಲೆಯಿಂದ ಅವರ ಹೆಂಡತಿಯ ಧ್ವನಿ ಬಂತು.

“ಇಪ್ಪತ್ತಾರು ವರ್ಷ ಆಯ್ತು,” ಅಂದರು ಆಕೆ, ಯಾರಿಗೂ ಅಲ್ಲ, ಆಲೂಗಡ್ಡೆಯ ಬುಟ್ಟಿಗೆ ಹೇಳುವ ಹಾಗೆ. “ಪ್ರತಿ ಭಾನುವಾರ ಇವರಿಗೆ ಏನು ಬೇಕು ಅಂತ ಕೇಳಿ ಮಾಡ್ತೀನಿ. ಇವರು ತಿಂದು, ಏನು ಕಮ್ಮಿ ಆಗಿದೆ ಅಂತ ಹೇಳ್ತಾರೆ. ನಿನಗೆ ಹಸಿವಾಗಿದೆಯಾ ಅಂತ ಒಂದು ದಿನ ಕೇಳಿಲ್ಲ. ಇಲ್ಲಿ ಒಬ್ಬರು ಅವರ ಹೆಂಡತಿಗೆ ಹಸಿವಾಗೋ ತನಕ ಬಸ್ಸಲ್ಲಿ ಕೂತಿರ್ತಾರಂತೆ.”

ಡ್ರೈವರು ಕೆಮ್ಮಿದ. ಕಂಡಕ್ಟರು ಟಿಕೆಟ್ ಚೀಲದ ಗುಂಡಿ ಹಾಕಿದಳು. ಸಾಹೇಬರು ಟೋಪಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

“ಈಗ ಆಗಿದೆಯಾ?” ಎಂದು ಕೇಳಿದರು.

“ಈಗಷ್ಟೇ ಉಂಡೆನಲ್ಲ.”

“ಅಲ್ಲ, ಸುಮ್ಮನೆ ಕೇಳ್ದೆ.”

“ಮುಂದಿನ ಭಾನುವಾರ ಕೇಳಿ,” ಅಂದರು ಆಕೆ. “ಬಸ್ಸಲ್ಲಿ. ನಾವಿಬ್ಬರೇ.”

ಅಲ್ಲಿಗೆ ಕಚೇರಿಯ ಬಸ್ಸಿನ ಯೋಜನೆ ಯಾವ ಟಿಪ್ಪಣಿಯೂ ಇಲ್ಲದೆ ಮುಕ್ತಾಯವಾಯಿತು. ನಾಲ್ಕು ಗಂಟೆಗೆ ಬಸ್ಸು ಹೊರಟಾಗ ಸಾಹೇಬರು ಕಿಟಕಿಯ ಪಕ್ಕದ ಸೀಟನ್ನು ಹೆಂಡತಿಗೆ ಬಿಟ್ಟು ಈಚೆ ಕೂತರು. ಗುಮಾಸ್ತನೂ ಹೆಂಡತಿಯೂ ಮಾತ್ರ ಬಸ್ಸು ಹತ್ತಲಿಲ್ಲ. ಆರು ಗಂಟೆಗೆ ಇನ್ನೊಂದು ಟ್ರಿಪ್ಪು ಇದೆಯಂತೆ ಸಾರ್ ಎಂದು ಹೇಳಿ, ಗುಡ್ಡದ ಕಡೆ ನಡೆದರು. ಸಾಹೇಬರ ಎದುರೇ, ಕೈ ಹಿಡಿದುಕೊಂಡು.

ಸೋಮವಾರ ನರ್ಸಮ್ಮ ಮಹಿಳಾ ಸಂಘದ ಇಬ್ಬರನ್ನು ಕರೆದುಕೊಂಡು ಬಂದಳು. ಹೆಂಡತಿ ಅವರನ್ನು ಕೂರಿಸಿ ಮುಕ್ಕಾಲು ಗಂಟೆ ವಿವರಿಸಿದಳು. ಹೋಗುವಾಗ ಸಂಘದ ಅಧ್ಯಕ್ಷೆ ಗುಮಾಸ್ತನನ್ನು ಪಕ್ಕಕ್ಕೆ ಕರೆದು, ಆ ಬಸ್ಸು ಎಷ್ಟು ಗಂಟೆಗೆ ಬರುತ್ತೆ ಎಂದು ಕೇಳಿದಳು.

ಐದಾರು ವಾರ ಕಳೆದವು. ಫೋನು ಭಾನುವಾರವೂ ಎತ್ತಲ್ಪಡುತ್ತಿತ್ತು, ಕರೆ ಮಾಡಿದವರಿಗೆ ನೀರಿನ ಬದಲು ನಿಯಮಗಳು ಸಿಗುತ್ತಿದ್ದವು. ಅಂಥ ಒಂದು ಭಾನುವಾರ ಹೆಂಡತಿಗೆ ಒಂದು ಸೇತುವೆಯ ಪಕ್ಕದಲ್ಲಿ ಹಸಿವಾಯಿತು. ಇಳಿದರು. ಸೇತುವೆಯ ಕೆಳಗೆ, ನೀರಿಗೆ ಹತ್ತಿರವಾಗಿ, ಒಬ್ಬ ಮುದುಕಿ ನಾಲ್ಕು ಮೇಜು ಹಾಕಿಕೊಂಡು ಮೀನು ಸುಡುತ್ತಿದ್ದಳು. ಮೂರು ಮೇಜು ಖಾಲಿ. ನಾಲ್ಕನೆಯದರಲ್ಲಿ ಸಾಹೇಬರೂ ಅವರ ಹೆಂಡತಿಯೂ ಕೂತಿದ್ದರು. ಸಾಹೇಬರ ಪ್ಯಾಂಟಿನ ಅಂಚಿಗೆ ಮಣ್ಣು ಮೆತ್ತಿತ್ತು. ಅವರ ಹೆಂಡತಿ ಏನೋ ಹೇಳುತ್ತಿದ್ದರು, ನಿಲ್ಲಿಸದೆ, ಕೈಯಾಡಿಸುತ್ತ. ಸಾಹೇಬರು ಕೇಳುತ್ತಿದ್ದರು.

ನಾಲ್ವರೂ ಒಬ್ಬರನ್ನೊಬ್ಬರು ನೋಡಿದರು. ಗುಮಾಸ್ತನಿಗೆ ಅಭ್ಯಾಸಬಲದಿಂದ ನಿಲ್ಲಬೇಕೆನಿಸಿತು. ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು. ಅತ್ತ ಸಾಹೇಬರೂ ಅರ್ಧ ಎದ್ದಿದ್ದವರು ಹಾಗೇ ಕೂತರು. ಯಾರೂ ಯಾರಿಗೂ ನಮಸ್ಕಾರ ಮಾಡಲಿಲ್ಲ.

ಮೀನು ಬಂತು. ಸಾಹೇಬರ ಮೇಜಿನ ಮೇಲಿದ್ದ ಉಪ್ಪು ಇವರ ಮೇಜಿನ ಮೇಲಿರಲಿಲ್ಲ. ಗುಮಾಸ್ತ ಅದನ್ನು ನೋಡಿದ, ನೋಡದವನಂತೆ ಮಾಡಿದ. ಸಾಹೇಬರು ಉಪ್ಪಿನ ಡಬ್ಬಿ ಎತ್ತಿಕೊಂಡು ಎದ್ದು ಬಂದು, ಅದನ್ನು ಅವನ ತಟ್ಟೆಯ ಪಕ್ಕ ಇಟ್ಟರು.

“ತಗೊಳ್ಳಿ ಯಜಮಾನ್ರೆ,” ಅಂದರು, ಜೀವನದಲ್ಲಿ ಮೊದಲ ಸಲ ಕಂಡವರ ಹಾಗೆ. “ಈ ಕಡೆಯವರಾ ನೀವು?”

“ಇಲ್ಲ,” ಅಂದ ಗುಮಾಸ್ತ, ಕೂತಲ್ಲಿಂದಲೇ. “ಹೆಂಡತಿ ಜೊತೆ ಸುಮ್ಮನೆ ತಿರುಗಾಡೋಕೆ ಬಂದೆ.”